ಕಾರಿನ ಕೂಲಿಂಗ್ ಸಿಸ್ಟಮ್‌ನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕುವುದು ಹೇಗೆ

ಕೂಲಂಟ್ ಬದಲಿಸಿದ ಮೇಲೋ, ರೇಡಿಯೇಟರ್ ಹೋಸ್, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವು) ಅಥವಾ ವಾಟರ್ ಪಂಪ್ ಬಿಚ್ಚಿ ಕೂರಿಸಿದ ಮೇಲೋ ಗಾಡಿ ಹೀಟಾಗಲು ಶುರುವಾದರೆ, ಹೊಸದಾಗಿ ಹಾಕಿದ ಸಾಮಾನನ್ನು ಅನುಮಾನಿಸುವ ಮೊದಲು ಒಂದು ಲೆಕ್ಕ ನೋಡಿ. ಹಳೆಯ ಕೂಲಂಟ್ ಎಷ್ಟು ಲೀಟರ್ ಇಳಿಯಿತು, ಹೊಸದು ಎಷ್ಟು ಹಿಡಿಯಿತು? ನಾಲ್ಕು ಲೀಟರ್ ಇಳಿದ ಗಾಡಿಗೆ ಮೂರೇ ಲೀಟರ್ ಹಾಕುವಷ್ಟರಲ್ಲಿ ಕಂಠ ತುಂಬಿದ್ದರೆ, ಉಳಿದ ಒಂದು ಲೀಟರಿನ ಜಾಗದಲ್ಲಿ ಕೂತಿರುವುದು ಗಾಳಿ. ಇಡೀ ಕೆಲಸಕ್ಕೆ ಈ ಲೆಕ್ಕವೇ ಆಧಾರ. ಅದಕ್ಕೇ ಕೂಲಂಟ್ ಇಳಿಸುವಾಗ ನೆಲಕ್ಕೆ ಬಿಡದೆ, ಅಳತೆ ಗುರುತಿರುವ ಬಕೆಟ್ಟಿಗೋ ಐದು ಲೀಟರಿನ ಕ್ಯಾನಿಗೋ ಹಿಡಿಯಬೇಕು. ಸಣ್ಣ ಪೆಟ್ರೋಲ್ ಕಾರುಗಳು ಸಾಮಾನ್ಯವಾಗಿ 3ರಿಂದ 5 ಲೀಟರ್ ಹಿಡಿಯುತ್ತವೆ. ದೊಡ್ಡ ಡೀಸೆಲ್ ಗಾಡಿಗಳು ಅದರ ಎರಡರಷ್ಟು ಹಿಡಿಯಬಹುದು. ನಿಮ್ಮ ಗಾಡಿಯದು ಎಷ್ಟೆಂದು ಓನರ್ಸ್ ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ ಇರುತ್ತದೆ.

ಒಳಗೆ ಸ್ವಲ್ಪ ಗಾಳಿ ಇದ್ದರೆ ಏನಾಯಿತು ಎಂದು ಬಿಡುವ ವಿಷಯ ಇದಲ್ಲ. ವಾಟರ್ ಪಂಪಿನ ರೆಕ್ಕೆಗಳು ದ್ರವವನ್ನು ತಳ್ಳುತ್ತವೆ, ಗಾಳಿಯನ್ನು ತಳ್ಳಲಾರವು. ದೊಡ್ಡದೊಂದು ಗುಳ್ಳೆ ಪಂಪಿನೊಳಗೆ ಬಂದು ನಿಂತರೆ ಪಂಪ್ ತಿರುಗುತ್ತಲೇ ಇರುತ್ತದೆ, ಹರಿವು ಮಾತ್ರ ನಿಂತಿರುತ್ತದೆ. ಸಿಲಿಂಡರ್ ಹೆಡ್ಡಿನಲ್ಲಿ, ಅದರಲ್ಲೂ ಎಕ್ಸಾಸ್ಟ್ ವಾಲ್ವುಗಳ ಸುತ್ತಲಿನ ಜಾಗದಲ್ಲಿ ಗಾಳಿ ನಿಂತರೆ ಅಷ್ಟು ಭಾಗದ ಲೋಹಕ್ಕೆ ಕೂಲಂಟ್ ತಾಗುವುದೇ ಇಲ್ಲ. ಅಲ್ಯೂಮಿನಿಯಂ ಹೆಡ್ ಬಾಗುವುದು, ಅದರ ಕೆಳಗೆ ಸೀಲಿನಂತೆ ಕೂರುವ ಗ್ಯಾಸ್ಕೆಟ್ ಸುಡುವುದು ಹೀಗೆ. ಇನ್ನೊಂದು ಅಪಾಯ ಕಣ್ಣಿಗೆ ಬೀಳುವಂಥದ್ದಲ್ಲ. ಟೆಂಪರೇಚರ್ ಸೆನ್ಸರ್ ಇರುವ ಜಾಗದಲ್ಲೇ ಗಾಳಿ ಸೇರಿಕೊಂಡರೆ ಮೀಟರಿನ ಟೆಂಪರೇಚರ್ ಮುಳ್ಳು ನಿಜವಾದ ಬಿಸಿಯನ್ನು ತೋರಿಸುವುದಿಲ್ಲ. ರೇಡಿಯೇಟರ್ ಫ್ಯಾನ್ ಓಡುವುದೂ ಆ ಸೆನ್ಸರ್ ಹೇಳಿದಂತೆಯೇ. ಹಾಗಾಗಿ ಇಂಜಿನ್ ಕುದಿಯುತ್ತಿದ್ದರೂ ಫ್ಯಾನ್ ಸುಮ್ಮನಿರುತ್ತದೆ. ಥರ್ಮೋಸ್ಟಾಟಿನ ಕಥೆಯೂ ಇದೇ: ಒಳಗಿನ ಮೇಣದ ಗುಂಡಿಗೆ ಬಿಸಿ ಕೂಲಂಟ್ ತಾಗಿದರೆ ಮಾತ್ರ ಅದು ಸಮಯಕ್ಕೆ ಸರಿಯಾಗಿ ತೆರೆಯುತ್ತದೆ.

ಗಾಳಿ ಇದೆ ಎಂದು ತಿಳಿಯುವುದು

ಎಲ್ಲಕ್ಕಿಂತ ಮೊದಲು ಸುಳಿವು ಕೊಡುವುದು ಹೀಟರ್. ಸಾಮಾನ್ಯವಾಗಿ ಅದರ ಕೋರ್ (ಬಿಸಿ ಕೂಲಂಟ್ ಹರಿಯುವ ಸಣ್ಣ ರೇಡಿಯೇಟರ್) ಡ್ಯಾಶ್‌ಬೋರ್ಡಿನ ಹಿಂದೆ ಎತ್ತರದಲ್ಲಿ ಇರುತ್ತದೆ, ಗಾಳಿ ಹೋಗಿ ಸೇರುವುದೂ ಅಲ್ಲೇ. ನಮ್ಮ ಕಡೆ ಹೀಟರ್ ಹಾಕುವವರು ಕಡಿಮೆ. ಕೊಡಗು, ಚಿಕ್ಕಮಗಳೂರಿನ ಚಳಿಗಾಲ ಬಿಟ್ಟರೆ ಆ ನಾಬ್ ಮುಟ್ಟದೆ ವರ್ಷಗಳೇ ಕಳೆದಿರುತ್ತವೆ. ಆದ್ದರಿಂದ ಈ ಸುಳಿವು ತಪ್ಪಿಹೋಗಿ, ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಸಮಸ್ಯೆ ಒಮ್ಮೆಲೇ ತಲೆ ಎತ್ತುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ನೋಡಿ. ತಣ್ಣನೆಯ ಗಾಳಿ ಬಂದರೆ, ಅಥವಾ ಐಡಲ್‌ನಲ್ಲಿ ತಣ್ಣಗಿದ್ದು ರೇಸ್ ಕೊಟ್ಟಾಗ ಮಾತ್ರ ಬಿಸಿ ಬಂದರೆ, ಲೈನಿನಲ್ಲಿ ಗಾಳಿ ಇರುವ ಸಂಭವ ಹೆಚ್ಚು. ಕೂಲಂಟ್ ಮಟ್ಟ ಇಳಿದಿದ್ದರೂ ಹೀಗೇ ಆಗುತ್ತದೆ, ಆದ್ದರಿಂದ ತಣ್ಣಗಿರುವಾಗ ಮಟ್ಟವನ್ನೂ ನೋಡಿ. ಬೆಳಗ್ಗೆ ಸ್ಟಾರ್ಟ್ ಮಾಡಿ ಹೊರಡುವಾಗ ಡ್ಯಾಶ್‌ಬೋರ್ಡ್ ಹಿಂದಿನಿಂದ ಗುಳುಗುಳು ಎಂದು ನೀರು ಹರಿಯುವ ಸದ್ದು ಕೇಳುವುದು ಇನ್ನೊಂದು ಗುರುತು.

ಮುಳ್ಳು ಏರುವುದು, ತಟ್ಟನೆ ಇಳಿಯುವುದು, ಮತ್ತೆ ಏರುವುದು ಕೂಡ ಗಾಳಿಯ ಲಕ್ಷಣ. ಆದರೆ ಮುಳ್ಳನ್ನೇ ನಂಬಿ ಕೂರಬೇಡಿ. ಈಗಿನ ಬಹಳಷ್ಟು ಗಾಡಿಗಳಲ್ಲಿ ಬಿಸಿ ಹತ್ತಿಪ್ಪತ್ತು ಡಿಗ್ರಿ ಹೆಚ್ಚು ಕಡಿಮೆಯಾದರೂ ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಕೆಲವದರಲ್ಲಿ ಮುಳ್ಳೇ ಇರುವುದಿಲ್ಲ, ನೀಲಿ ಮತ್ತು ಕೆಂಪು ದೀಪ ಅಷ್ಟೇ. ಒಬಿಡಿ ಸಾಕೆಟ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಜಾಗ) ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಇದ್ದರೆ ಮೊಬೈಲಿನಲ್ಲಿ ಕೂಲಂಟಿನ ಬಿಸಿ ಡಿಗ್ರಿ ಲೆಕ್ಕದಲ್ಲೇ ಕಾಣುತ್ತದೆ. ಈ ಕೆಲಸಕ್ಕೆ ಅಷ್ಟು ಉಪಯೋಗಕ್ಕೆ ಬರುವ ಅಗ್ಗದ ಸಾಮಾನು ಇನ್ನೊಂದಿಲ್ಲ.

ನಿಮ್ಮ ಗಾಡಿ ಯಾವ ಬಗೆಯದು

ಬಾನೆಟ್ ಎತ್ತಿ ನೋಡಿ. ರೇಡಿಯೇಟರಿನ ಮೇಲೆಯೇ ಒತ್ತಿ ತಿರುಗಿಸುವ ಲೋಹದ ಕ್ಯಾಪ್ ಇದ್ದು, ಪಕ್ಕದಲ್ಲಿ ಸಣ್ಣ ಹೋಸಿನಿಂದ ಜೋಡಿಸಿದ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದು ಹಳೆಯ, ಸರಳ ಬಗೆ. ಮಾರುತಿ 800, ಆಲ್ಟೋದಂಥ ಗಾಡಿಗಳು ಈ ಸಾಲಿನವು. ಇಲ್ಲಿ ಒತ್ತಡ ಇರುವುದು ರೇಡಿಯೇಟರಿನಲ್ಲಿ, ಡಬ್ಬಿಯಲ್ಲಿ ಒತ್ತಡ ಇಲ್ಲ. ಕ್ಯಾಪಿನಲ್ಲಿ ಎರಡು ವಾಲ್ವು ಇರುತ್ತವೆ. ಬಿಸಿಯಾಗಿ ಒತ್ತಡ ಹೆಚ್ಚಿದಾಗ ದೊಡ್ಡದು ತೆರೆದು ಕೂಲಂಟನ್ನು ಡಬ್ಬಿಗೆ ಬಿಡುತ್ತದೆ. ಇಂಜಿನ್ ತಣಿಯುವಾಗ ನಡುವಿನ ಸಣ್ಣದು ತೆರೆದು ಡಬ್ಬಿಯಿಂದ ವಾಪಸ್ ಎಳೆದುಕೊಳ್ಳುತ್ತದೆ.

ರೇಡಿಯೇಟರಿನ ಮೇಲೆ ಕ್ಯಾಪೇ ಇಲ್ಲದೆ, ಡಬ್ಬಿಗೇ ತಿರುಪಿನ ದಪ್ಪ ಮುಚ್ಚಳ ಇದ್ದರೆ ಅದು ಒತ್ತಡದ ಎಕ್ಸ್‌ಪಾನ್ಶನ್ ಟ್ಯಾಂಕ್. ಪೋಲೋ, ಡಸ್ಟರ್ ಮುಂತಾದ ಗಾಡಿಗಳದು ಈ ಬಗೆ. ಟ್ಯಾಂಕಿನ ಮೇಲ್ಭಾಗಕ್ಕೆ ಬರುವ ಪೆನ್ಸಿಲ್ ದಪ್ಪದ ಹೋಸ್ ಗಾಳಿಯನ್ನು ಹೊತ್ತು ತಂದು ಟ್ಯಾಂಕಿಗೆ ಬಿಡುವುದಕ್ಕೆಂದೇ ಇರುವುದು. ಈ ಬಗೆಯವು ಬಹುಪಾಲು ತಾವೇ ಗಾಳಿ ಕಳೆದುಕೊಳ್ಳುತ್ತವೆ, ಆದರೂ ಮೊದಲ ಸಲ ತುಂಬುವಾಗ ನಮ್ಮ ಕೈ ಬೇಕು.

ಶುರು ಮಾಡುವ ಮುನ್ನ

ಬಿಸಿ ಇಂಜಿನ್ನಿನ ಕ್ಯಾಪ್ ತೆರೆಯಬೇಡಿ. ಒತ್ತಡದಲ್ಲಿ 110 ಡಿಗ್ರಿ ಆಸುಪಾಸಿನಲ್ಲೂ ಕುದಿಯದೆ ನಿಂತಿರುವ ಕೂಲಂಟ್, ಕ್ಯಾಪ್ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಗಾಡಿ ನಿಲ್ಲಿಸಿ ಕನಿಷ್ಠ ಎರಡು ಗಂಟೆ ಬಿಡಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಮೇಲಿನ ಹೋಸನ್ನು ಹಿಸುಕಿದರೆ ಅದು ತಣ್ಣಗೆ, ಮೆತ್ತಗೆ ಇರಬೇಕು. ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸಬೇಡಿ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ತಿರುಗುತ್ತದೆ. ಆದ್ದರಿಂದ ಶಾಲು, ದುಪಟ್ಟಾ, ಸಡಿಲ ತೋಳಿನ ಅಂಗಿ, ಕೊರಳ ಸರ ಬೇಡ. ಕೂಲಂಟಿನ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ. ನೆಲದ ಮೇಲೆ ಚೆಲ್ಲಿದ್ದನ್ನು ಬೀದಿನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕೂಡಲೇ ಒರೆಸಿ, ಹೆಚ್ಚು ನೀರು ಹಾಕಿ ತೊಳೆಯಿರಿ. ಇಳಿಸಿದ್ದನ್ನು ಚರಂಡಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆಯ ದ್ರವಗಳನ್ನು ತೆಗೆದುಕೊಳ್ಳುವ ಸರ್ವೀಸ್ ಸೆಂಟರಿಗೆ ಕೊಡಿ.

ಕೂಲಂಟಿನ ವಿಷಯದಲ್ಲಿ ಬಣ್ಣ ನೋಡಿ ಮೋಸಹೋಗಬೇಡಿ. ಹಸಿರು, ಗುಲಾಬಿ, ನೀಲಿ ಎಂಬುದು ಕಂಪನಿಗಳ ಇಷ್ಟ, ಅದಕ್ಕೆ ಗೊತ್ತಾದ ನಿಯಮವಿಲ್ಲ. ಮ್ಯಾನುಯಲ್ ಹೇಳುವ ನಮೂನೆಯದನ್ನೇ ತನ್ನಿ. ಬೇರೆ ಬೇರೆ ನಮೂನೆ ಬೆರೆತರೆ ತುಕ್ಕು ತಡೆಯುವ ಗುಣ ಹೋಗುತ್ತದೆ, ಕೆಲವೊಮ್ಮೆ ಅಂಟಿನಂಥ ಗಸಿ ಕಟ್ಟುತ್ತದೆ. ಡಬ್ಬದ ಮೇಲೆ ರೆಡಿ ಮಿಕ್ಸ್ ಎಂದಿದ್ದರೆ ನೀರು ಬೆರೆಸಬೇಡಿ. ಕಾನ್ಸಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ. ಬೋರ್‌ವೆಲ್ ನೀರು ಬೇಡವೇ ಬೇಡ. ಬಿಸಿನೀರಿನ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಹೀಟರ್ ಕೋರಿನಲ್ಲೂ ಕಟ್ಟುತ್ತದೆ.

ಉಳಿದಂತೆ ಬೇಕಾದದ್ದು ಹೆಚ್ಚೇನಿಲ್ಲ: ಒಂದು ಆಲಿಕೆ, ಹಳೆ ಬಟ್ಟೆ, ಕೈಗವಸು, ಸ್ಕ್ರೂ ಡ್ರೈವರ್, ಹೋಸ್ ಕ್ಲಿಪ್ ಹಿಡಿಯಲು ಇಕ್ಕಳ, ಚಕ್ರಕ್ಕೆ ಒತ್ತು ಕೊಡಲು ಎರಡು ಕಲ್ಲು. ರೇಡಿಯೇಟರಿನ ಬಾಯಿಗೆ ಸೋರದಂತೆ ಬಿಗಿಯಾಗಿ ಕೂರುವ, ಅಡಾಪ್ಟರ್ ಸಮೇತ ಸಿಗುವ ದೊಡ್ಡ ಆಲಿಕೆ ಸಿಕ್ಕರೆ ಅರ್ಧ ಕೆಲಸ ಹಗುರ. ಬಾಯಿಗಿಂತ ಮೇಲಕ್ಕೆ ಒಂದು ಗೇಣು ಕೂಲಂಟ್ ನಿಂತಿರುವುದರಿಂದ ಗುಳ್ಳೆ ಮೇಲೆ ಬರುತ್ತದೆ, ಆ ಜಾಗಕ್ಕೆ ಕೂಲಂಟ್ ತಾನೇ ಇಳಿಯುತ್ತದೆ.

ತಣ್ಣಗಿರುವಾಗ ತುಂಬುವುದು

ಗಾಳಿ ಹೋಗುವುದು ಮೇಲಕ್ಕೆ ಮಾತ್ರ. ಆದ್ದರಿಂದ ತುಂಬುವ ಬಾಯಿ ಇಡೀ ಸಿಸ್ಟಮ್‌ನಲ್ಲಿ ಎತ್ತರದ ಜಾಗವಾಗಬೇಕು. ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಹಿಂಬದಿಗೆ ಕಲ್ಲು ಕೊಡಿ. ಮುಂದಿನ ಚಕ್ರಗಳು ಒಂದಡಿ ಎತ್ತರ ಬಂದರೂ ಸಾಕು. ರ‍್ಯಾಂಪ್ ಇದ್ದರೆ ಅದರ ಮೇಲೆ ಹತ್ತಿಸಬಹುದು. ಜಾಕ್ ಒಂದನ್ನೇ ನಂಬಿ ಇಂಜಿನ್ ಓಡಿಸುವುದು ಬೇಡ. ತುಂಬುವ ಬಾಯಿ ಹಿಂದೆ, ಅಂದರೆ ಫೈರ್‌ವಾಲ್ (ಇಂಜಿನ್ನಿಗೂ ಗಾಡಿಯ ಒಳಾಂಗಣಕ್ಕೂ ನಡುವಿನ ಗೋಡೆ) ಪಕ್ಕದಲ್ಲಿ ಇರುವ ಗಾಡಿಯಾದರೆ ಮೂತಿ ಎತ್ತಿದರೆ ಉಲ್ಟಾ ಆಗುತ್ತದೆ. ಅದನ್ನು ಸಮತಟ್ಟಿನಲ್ಲಿ ನಿಲ್ಲಿಸಿ.

ಹೀಟರ್ ನಾಬನ್ನು ಪೂರ್ತಿ ಬಿಸಿಗೆ ತಿರುಗಿಸಿ. ಕೆಲವು ಗಾಡಿಗಳಲ್ಲಿ ಹೀಟರಿಗೆ ಹೋಗುವ ದಾರಿಯಲ್ಲಿ ಕೇಬಲ್ಲಿನಿಂದ ತೆರೆಯುವ ವಾಲ್ವು ಇರುತ್ತದೆ. ಅದು ಮುಚ್ಚಿದ್ದರೆ ಹೀಟರ್ ಕೋರಿನ ಗಾಳಿ ಅಲ್ಲೇ ಉಳಿಯುತ್ತದೆ. ಆಟೋಮ್ಯಾಟಿಕ್ ಎಸಿ ಇದ್ದರೆ ಇಗ್ನಿಶನ್ ಆನ್ ಮಾಡಿ ಗರಿಷ್ಠಕ್ಕೆ ಇಡಿ.

ಥರ್ಮೋಸ್ಟಾಟ್ ಹೌಸಿಂಗ್ ಮೇಲೆ, ಮೇಲಿನ ಹೋಸಿನ ಲೋಹದ ಕೊಳವೆಯ ಮೇಲೆ ಅಥವಾ ಹೀಟರ್ ಹೋಸಿನ ಮೇಲೆ ಬ್ಲೀಡ್ ಸ್ಕ್ರೂ, ಅಂದರೆ ಗಾಳಿ ಬಿಡುವ ತಿರುಪು, ಇದೆಯೇ ಹುಡುಕಿ. ಇದ್ದರೆ ಒಂದೆರಡು ಸುತ್ತು ಸಡಿಲಿಸಿ, ಪೂರ್ತಿ ಕೀಳಬೇಡಿ. ಪ್ಲಾಸ್ಟಿಕ್ಕಿನವು ವರ್ಷಗಳ ಬಿಸಿಗೆ ಒಣಗಿ ಪೆಡಸಾಗಿರುತ್ತವೆ, ಸಣ್ಣ ಸ್ಕ್ರೂ ಡ್ರೈವರ್ ಹಾಕಿ ಬಲ ಕೊಟ್ಟರೆ ತಲೆ ಮುರಿದು ಕೈಗೆ ಬರುತ್ತದೆ. ಸೀಳಿಗೆ ಪೂರ್ತಿ ಕೂರುವಷ್ಟು ಅಗಲದ ತುದಿಯನ್ನೇ ಬಳಸಿ. ಹೊಸ ಸ್ಕ್ರೂ ಒಂದನ್ನು ಮೊದಲೇ ತಂದಿಟ್ಟುಕೊಂಡರೆ ನಿಶ್ಚಿಂತೆ.

ಈಗ ನಿಧಾನವಾಗಿ ಸುರಿಯಿರಿ, ಸಣ್ಣ ಧಾರೆಯಲ್ಲಿ. ಲೀಟರಿಗೆ ಎರಡು ಮೂರು ನಿಮಿಷ ಹಿಡಿದರೂ ಹಿಡಿಯಲಿ. ದಬದಬ ಸುರಿದರೆ ಕೆಳಗಿಳಿಯುವ ಕೂಲಂಟೇ ಮೇಲೆ ಬರುವ ಗಾಳಿಗೆ ಅಡ್ಡ ನಿಲ್ಲುತ್ತದೆ, ತುಂಬಿತೆಂದು ತೋರುತ್ತದೆ, ತುಂಬಿರುವುದಿಲ್ಲ. ಅರ್ಧ ಲೀಟರಿಗೊಮ್ಮೆ ನಿಲ್ಲಿಸಿ ಮೇಲಿನ ಹೋಸನ್ನೂ ಕೆಳಗಿನ ಹೋಸನ್ನೂ ಹತ್ತಾರು ಸಲ ಹಿಸುಕಿ ಬಿಡಿ. ಪ್ರತಿ ಹಿಸುಕಿಗೂ ಬಾಯಲ್ಲಿ ಗುಳ್ಳೆ ಏಳುತ್ತದೆ, ಮಟ್ಟ ಇಳಿಯುತ್ತದೆ. ಬ್ಲೀಡ್ ಸ್ಕ್ರೂವಿನಿಂದ ಮೊದಲು ಬುಸ್ ಎಂದು ಗಾಳಿ, ಆಮೇಲೆ ಗಾಳಿ ಬೆರೆತ ಉಗುಳು, ಕೊನೆಗೆ ಗುಳ್ಳೆಯಿಲ್ಲದ ಧಾರೆ ಬರುತ್ತದೆ. ಧಾರೆ ಬಂದೊಡನೆ ಮುಚ್ಚಿ. ಎರಡು ಮೂರು ಸ್ಕ್ರೂ ಇದ್ದರೆ ಕೆಳಗಿನದು ಮೊದಲು, ಎತ್ತರದ್ದು ಕೊನೆಗೆ. ಒಳಗೆ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಇದ್ದಲ್ಲಿ ಕೈಬಿಗಿ ಮೇಲೆ ಚೂರು ತಿರುಗಿಸಿದರೆ ಸಾಕು.

ಸ್ಕ್ರೂ ಇಲ್ಲದ ಗಾಡಿಯಲ್ಲಿ ಹೀಟರ್ ಹೋಸನ್ನೇ ಬಾಗಿಲು ಮಾಡಿಕೊಳ್ಳಬಹುದು. ಹಳೆಯ ಕೈಗಳು ಮಾಡುವ ಉಪಾಯ ಇದು, ಚೆನ್ನಾಗಿ ಕೆಲಸ ಮಾಡುತ್ತದೆ. ಫೈರ್‌ವಾಲ್ ಹತ್ತಿರ ಎರಡು ಹೋಸ್ ಒಳಗೆ ಹೋಗುತ್ತವೆ. ಅದರಲ್ಲಿ ಎತ್ತರದಲ್ಲಿರುವುದರ ಕ್ಲಿಪ್ ಹಿಂದೆ ಸರಿಸಿ, ಹೋಸನ್ನು ಸ್ವಲ್ಪವೇ ತಿರುಚಿ ಅಂಟು ಬಿಡಿಸಿ, ತುದಿಯವರೆಗೆ ಎಳೆಯಿರಿ. ಅಲ್ಲಿಂದ ಕೂಲಂಟ್ ಜಿನುಗುವವರೆಗೆ ಬಾಯಲ್ಲಿ ಸುರಿದು, ಮತ್ತೆ ಒತ್ತಿ ಕ್ಲಿಪ್ ಹಾಕಿ. ಹೀಟರ್ ಕೋರಿನ ಮೂತಿ ಅನೇಕ ಗಾಡಿಗಳಲ್ಲಿ ತೆಳು ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್. ಇಕ್ಕಳ ಹಾಕಿ ಜಗ್ಗಾಡಿದರೆ ಮುರಿದುಹೋಗಿ, ಡ್ಯಾಶ್‌ಬೋರ್ಡ್ ಬಿಚ್ಚಬೇಕಾದ ಕೆಲಸ ಮೈಮೇಲೆ ಬರುತ್ತದೆ.

ಇಂಜಿನ್ ಓಡಿಸಿ ಉಳಿದದ್ದನ್ನು ತೆಗೆಯುವುದು

ಥರ್ಮೋಸ್ಟಾಟ್ ಮುಚ್ಚಿರುವಾಗ ಇಂಜಿನ್ ಬದಿಯ ಗಾಳಿ ಪೂರ್ತಿ ಹೊರಬರುವುದಿಲ್ಲ. ಕೆಲವು ಥರ್ಮೋಸ್ಟಾಟಿನ ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇರುತ್ತದೆ, ಗಾಳಿ ದಾಟಲೆಂದು. ಥರ್ಮೋಸ್ಟಾಟ್ ಬದಲಿಸಿದವರು ಆ ಪಿನ್ ಮೇಲ್ಬದಿಗೆ, ಗಡಿಯಾರದಲ್ಲಿ ಹನ್ನೆರಡು ಇರುವ ಜಾಗಕ್ಕೆ ಬರುವಂತೆ ಕೂರಿಸಿದ್ದಾರೆಯೇ ಕೇಳಿ. ಕೆಳಮುಖ ಕೂತಿದ್ದರೆ ಅದು ಇದ್ದೂ ಪ್ರಯೋಜನವಿಲ್ಲ.

ರೇಡಿಯೇಟರ್ ಕ್ಯಾಪ್ ಇರುವ ಗಾಡಿಯಲ್ಲಿ, ಆಲಿಕೆಯಲ್ಲಿ ಕಾಲುಭಾಗ ಕೂಲಂಟ್ ನಿಲ್ಲಿಸಿ ಇಂಜಿನ್ ಸ್ಟಾರ್ಟ್ ಮಾಡಿ. ಎಸಿ ಆಫ್ ಇರಲಿ. ಎಸಿ ಹಾಕಿದರೆ ರೇಡಿಯೇಟರ್ ಫ್ಯಾನೂ ಓಡಿ ಬಿಸಿ ಏರುವುದು ತಡವಾಗುತ್ತದೆ, ಇಂಜಿನ್ನಿನ ಬಿಸಿಗೆ ಫ್ಯಾನ್ ತಾನಾಗಿ ಬಂತೇ ಎಂಬುದೂ ತಿಳಿಯುವುದಿಲ್ಲ. ಹೀಟರ್ ಪೂರ್ತಿ ಬಿಸಿಗೆ, ಅದರ ಬ್ಲೋವರ್ ಒಂದನೇ ಸ್ಪೀಡಿಗೆ. ಮೊದಲ ಹತ್ತು ನಿಮಿಷ ಐಡಲ್‌ನಲ್ಲೇ ಬಿಡಿ. ಗುಳ್ಳೆಗಳು ಬಿಡಿಬಿಡಿಯಾಗಿ, ದೊಡ್ಡದೊಂದು ಸಣ್ಣದೊಂದು, ಏಳುತ್ತಿರುತ್ತವೆ. 82ರಿಂದ 90 ಡಿಗ್ರಿಯ ನಡುವೆ ಥರ್ಮೋಸ್ಟಾಟ್ ತೆರೆಯುತ್ತದೆ. ಅಲ್ಲಿಯವರೆಗೆ ಅಷ್ಟೇನೂ ಬಿಸಿಯಿಲ್ಲದಿದ್ದ ಮೇಲಿನ ಹೋಸ್ ಒಂದೆರಡು ನಿಮಿಷದಲ್ಲಿ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಆ ಹೊತ್ತಿಗೆ ಆಲಿಕೆಯಲ್ಲಿನ ಮಟ್ಟ ಗುಳಕ್ಕನೆ ಇಳಿಯಬಹುದು, ಕೈಯಲ್ಲಿ ಕೂಲಂಟ್ ಸಿದ್ಧವಿರಲಿ. ಆಲಿಕೆಯ ತಳ ಖಾಲಿಯಾಗಲು ಬಿಟ್ಟರೆ ಹೊರಗಿನ ಗಾಳಿ ಮತ್ತೆ ಒಳಗೆ ಹೋಗುತ್ತದೆ.

ಥರ್ಮೋಸ್ಟಾಟ್ ತೆರೆದ ಮೇಲೆ 2000ದಿಂದ 2500 ಆರ್‌ಪಿಎಂಗೆ ಅರ್ಧ ನಿಮಿಷ ರೇಸ್ ಹಿಡಿದು ಬಿಡಿ. ಇದನ್ನು ನಾಲ್ಕೈದು ಸಲ ಮಾಡಿ. ಮೂಲೆಯಲ್ಲಿ ಅಂಟಿ ಕೂತ ಗಾಳಿ, ಮುಖ್ಯವಾಗಿ ಹೀಟರ್ ಕೋರಿನದು, ಹರಿವಿನ ವೇಗಕ್ಕೆ ಕಿತ್ತು ಬರುತ್ತದೆ. ರೇಸ್ ಬಿಟ್ಟಾಗ ಮಟ್ಟ ಏರಿ ಚೆಲ್ಲಬಹುದು, ಮುಖ ದೂರವಿಡಿ. ಹೋಸ್ ಹಿಸುಕುವುದಾದರೆ ಈಗ ದಪ್ಪ ಗವಸು ಬೇಕು.

ಇಲ್ಲಿ ಒಂದು ಸಂಗತಿಗೆ ಗಮನ ಕೊಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಬರೀ ನೀರು ಅಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಬಹಳಷ್ಟು ಗಾಡಿಗಳಲ್ಲಿ ಫ್ಯಾನ್ ಬರುವುದು 95ರಿಂದ 100 ಡಿಗ್ರಿ ಆಸುಪಾಸಿನಲ್ಲಿ. ಅಂದರೆ ಬರೀ ನೀರು ತುಂಬಿ ಕ್ಯಾಪ್ ತೆಗೆದು ಓಡಿಸಿದರೆ ಫ್ಯಾನ್ ಬರುವ ಮೊದಲೇ ನೀರು ಕುದಿಯಬಹುದು. ನೋಡುವವರು ಅದನ್ನೇ ಗಾಳಿಯೆಂದು ತಿಳಿದು ಗಂಟೆಗಟ್ಟಲೆ ಓಡಿಸುತ್ತಾರೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಅಲ್ಲಿ 104 ಡಿಗ್ರಿಯವರೆಗೂ ಕುದಿಯುವುದಿಲ್ಲ, ಆದ್ದರಿಂದ ಈ ಗೊಂದಲ ಬರುವುದಿಲ್ಲ. ಗಾಳಿ ತೆಗೆಯುವ ಕೆಲಸವನ್ನು ನೀರಿನಲ್ಲಿ ಮಾಡಿ ಆಮೇಲೆ ಕೂಲಂಟ್ ಹಾಕುತ್ತೇವೆ ಎನ್ನುವುದು ಇದಕ್ಕೇ ಸರಿಯಲ್ಲ.

ಫ್ಯಾನ್ ಎರಡು ಸಲ ಬಂದು ನಿಂತು, ಹೀಟರಿನಿಂದ ಐಡಲ್‌ನಲ್ಲೂ ಸಮನಾಗಿ ಬಿಸಿಗಾಳಿ ಬರುತ್ತಿದ್ದು, ಐದು ನಿಮಿಷ ಗುಳ್ಳೆ ಏಳದಿದ್ದರೆ ಇಂಜಿನ್ ಆಫ್ ಮಾಡಿ. ಆಲಿಕೆಯನ್ನು ಆಗಲೇ ತೆಗೆಯಬೇಡಿ. ಇಂಜಿನ್ ತಣಿಯುತ್ತ ಕೂಲಂಟ್ ಕುಗ್ಗುತ್ತದೆ, ಆಲಿಕೆಯಲ್ಲಿ ಉಳಿದದ್ದನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಪೂರ್ತಿ ತಣ್ಣಗಾದ ಮೇಲೆ ಆಲಿಕೆ ತೆಗೆದು, ಬಾಯಿಮಟ್ಟ ತುಂಬಿ, ಕ್ಯಾಪ್ ಹಾಕಿ, ಡಬ್ಬಿಯನ್ನು ಎರಡು ಗೆರೆಗಳ ನಡುವೆ ತುಂಬಿ. ಡಬ್ಬಿಯಲ್ಲಿನ ಹೋಸಿನ ತುದಿ ಕೂಲಂಟಿನಲ್ಲಿ ಮುಳುಗಿರಬೇಕು. ಆ ತುದಿ ಹೊರಗಿದ್ದರೆ ತಣಿಯುವಾಗಲೆಲ್ಲ ಗಾಳಿ ಒಳಗೆ ಹೋಗುತ್ತದೆ.

ಎಕ್ಸ್‌ಪಾನ್ಶನ್ ಟ್ಯಾಂಕಿನ ಗಾಡಿಯಲ್ಲಿ ಕೆಲಸ ಇನ್ನೂ ಸುಲಭ. ಬ್ಲೀಡ್ ಸ್ಕ್ರೂಗಳನ್ನು ಮೇಲೆ ಹೇಳಿದಂತೆ ಮುಗಿಸಿ, ಟ್ಯಾಂಕನ್ನು ಗರಿಷ್ಠ ಗೆರೆಯವರೆಗೆ ತುಂಬಿ. ಇಂಜಿನ್ ಓಡುವಾಗ ಮುಚ್ಚಳ ತೆರೆದಿರಬೇಕೇ ಮುಚ್ಚಿರಬೇಕೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಸ್ಪಷ್ಟ ಸೂಚನೆ ಸಿಗದಿದ್ದರೆ ಮೊದಲ ಎರಡು ಮೂರು ನಿಮಿಷ, ಕೂಲಂಟ್ ಬಿಸಿಯಾಗುವ ಮುನ್ನ, ತೆರೆದಿಟ್ಟು ಮಟ್ಟ ನೋಡಿ, ಆಮೇಲೆ ಮುಚ್ಚಿ ಓಡಿಸಿ. ತೆರೆದಿದ್ದಾಗ ಆ ಪೆನ್ಸಿಲ್ ದಪ್ಪದ ಹೋಸಿನ ಬಾಯಿ ನೋಡಿ, ರೇಸ್ ಕೊಟ್ಟಾಗ ಸಣ್ಣ ಧಾರೆ ಬೀಳಬೇಕು. ಕೆಲವದರಲ್ಲಿ ಥರ್ಮೋಸ್ಟಾಟ್ ತೆರೆದ ಮೇಲಷ್ಟೇ ಬೀಳುತ್ತದೆ. ಬಿಸಿಯಾದ ಮೇಲೂ ಆ ಹೋಸ್ ತಣ್ಣಗೇ ಇದ್ದರೆ ಒಳಗೆ ಗಸಿ ಕಟ್ಟಿಕೊಂಡಿರುವ ಸಂಭವ ಇದೆ. ಇಂಜಿನ್ ತಣಿದ ಮೇಲೆ ಎರಡೂ ತುದಿ ಬಿಚ್ಚಿ ತೆಳು ತಂತಿ ಹಾಕಿ ಬಿಡಿಸಿ, ನೀರು ಹಾಯಿಸಿ ತೊಳೆಯಿರಿ. ಅದು ಕಟ್ಟಿದ್ದರೆ ಉಳಿದ ಯಾವ ಸರ್ಕಸ್ಸೂ ಫಲ ಕೊಡುವುದಿಲ್ಲ.

ವ್ಯಾಕ್ಯೂಮ್ ಹಾಕಿ ತುಂಬುವ ಸಾಧನ ಇರುವ ಗ್ಯಾರೇಜ್ ಸಿಕ್ಕರೆ ಇಷ್ಟೆಲ್ಲ ಕಾಯುವುದು ತಪ್ಪುತ್ತದೆ. ಕಂಪ್ರೆಸರಿನ ಗಾಳಿಯಿಂದ ಓಡುವ ಆ ಸಾಧನ ಮೊದಲು ಖಾಲಿ ಸಿಸ್ಟಮ್‌ನಿಂದ ಗಾಳಿ ಎಳೆಯುತ್ತದೆ, ಹೋಸುಗಳು ಚಪ್ಪಟೆಯಾಗುತ್ತವೆ, ಅದು ಸಹಜ. ಐದು ನಿಮಿಷ ಆ ಸಾಧನದ ಮುಳ್ಳು ಅಲ್ಲಾಡದೆ ನಿಂತರೆ ಗಾಳಿ ನುಸುಳುವಂಥ ಸೋರಿಕೆ ಇಲ್ಲವೆಂದು ಹೆಚ್ಚುಕಡಿಮೆ ಖಾತ್ರಿಯಾಗುತ್ತದೆ. ಆಮೇಲೆ ವಾಲ್ವು ತಿರುಗಿಸಿದರೆ ಕ್ಯಾನಿನಿಂದ ಕೂಲಂಟ್ ತಾನೇ ನುಗ್ಗಿ ತುಂಬಿಕೊಳ್ಳುತ್ತದೆ. ಸಾಧನದ ಜೊತೆ ಬರುವ ಹಾಳೆಯಲ್ಲಿ 25 ಇಂಚು ಪಾದರಸದಷ್ಟು ನಿರ್ವಾತ ಬರಬೇಕು ಎಂದಿದ್ದರೆ ಅದು ಸಮುದ್ರಮಟ್ಟದ ಲೆಕ್ಕ. ಮಂಗಳೂರಿನಲ್ಲಿ ಸರಿ. ಬೆಂಗಳೂರಿನಲ್ಲಿ ವಾತಾವರಣದ ಒತ್ತಡವೇ ಸುಮಾರು 3 ಇಂಚು ಕಡಿಮೆ, ಅಲ್ಲಿ 22 ಬಂದರೆ ಅದೇ ಸರಿ. ಮಡಿಕೇರಿಯಲ್ಲಿ ಇನ್ನೂ ಚೂರು ಕಡಿಮೆ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಗಳಲ್ಲಿ ಕೂಲಂಟನ್ನು ತಳ್ಳುವುದು ಎಲೆಕ್ಟ್ರಿಕ್ ಪಂಪ್. ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಮೂಲಕ ಆ ಪಂಪನ್ನು ಓಡಿಸಿಯೇ ಗಾಳಿ ತೆಗೆಯಬೇಕು. ಬ್ಯಾಟರಿಯ ಕೂಲಂಟ್ ಲೈನನ್ನು ಮನೆಯಲ್ಲಿ ಮುಟ್ಟಬೇಡಿ.

ಮರುದಿನದ ಪರೀಕ್ಷೆ

ಐದಾರು ಕಿಲೋಮೀಟರ್ ಓಡಿಸಿ ಬಂದು, ರಾತ್ರಿ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟ್ ಮಾಡುವ ಮುನ್ನ ಮಟ್ಟ ನೋಡಿ. ನೂರಿನ್ನೂರು ಎಂ.ಎಲ್. ಇಳಿದಿರುವುದು ಸಹಜ, ಉಳಿದಿದ್ದ ಗಾಳಿ ಹೊರಬಿದ್ದಿದೆ ಎಂದರ್ಥ. ತುಂಬಿ. ಎರಡನೇ ದಿನ ಇಳಿತ ಕಡಿಮೆಯಾಗಬೇಕು, ಮೂರನೇ ದಿನ ನಿಲ್ಲಬೇಕು. ರೇಡಿಯೇಟರ್ ಕ್ಯಾಪ್ ಇರುವ ಗಾಡಿಯಲ್ಲಿ ಡಬ್ಬಿ ನೋಡಿದರೆ ಸಾಲದು, ತಣ್ಣಗಿರುವಾಗ ಕ್ಯಾಪನ್ನೇ ತೆಗೆದು ನೋಡಿ. ಡಬ್ಬಿ ತುಂಬಿದ್ದೂ ರೇಡಿಯೇಟರ್ ಖಾಲಿ ಇರಬಹುದು. ಒಟ್ಟು ಹಿಡಿದದ್ದು ಮೊದಲು ಇಳಿಸಿದ್ದಕ್ಕೆ ಸರಿಹೋಯಿತೇ ಎಂದೂ ಲೆಕ್ಕ ಹಾಕಿ. ಇದು ಪೂರ್ತಿ ಸರಿಯಾಗುವವರೆಗೆ ಘಾಟಿ ಹತ್ತಿಸಬೇಡಿ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಜೋರಿಗೆ ಹಾಕಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಕಾದು ಕೆಂಡವಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ. ಎಷ್ಟು ಹೊತ್ತಾದರೂ ಕಾದು, ಹೋಸ್ ತಣ್ಣಗೆ, ಮೆತ್ತಗೆ ಆದ ಮೇಲಷ್ಟೇ ಕ್ಯಾಪ್ ಮುಟ್ಟಿ. ಕುಡಿಯುವ ನೀರಿನ ಬಾಟಲಿಯಿಂದಲೇ ತುಂಬಿಕೊಂಡು ಹತ್ತಿರದ ಊರು ತಲುಪಬಹುದು, ಆಮೇಲೆ ಅದನ್ನು ಇಳಿಸಿ ಸರಿಯಾದ ಕೂಲಂಟ್ ಹಾಕಿಸಿ.

ತೆಗೆದ ಗಾಳಿ ಮತ್ತೆ ಬಂದರೆ

ಗಾಳಿ ಒಮ್ಮೆ ಹೊರಗೆ ಹೋದ ಮೇಲೆ ತಾನಾಗಿ ಹುಟ್ಟುವುದಿಲ್ಲ. ವಾರವಾರವೂ ಗಾಳಿ ತೆಗೆಯಬೇಕಾಗಿ ಬಂದರೆ ಅದು ಒಳಗೆ ಬರುತ್ತಿರುವ ದಾರಿ ಹುಡುಕಬೇಕು. ಅಗ್ಗದ ಕಡೆಯಿಂದ ಶುರು ಮಾಡಿ. ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ, ಅದರ ಮೇಲೆ ಬಾಯಿಯ ಅಚ್ಚು ಆಳವಾಗಿ ಮೂಡಿದ್ದರೆ ಕ್ಯಾಪ್ ಬದಲಿಸಿ. ಹಳೆಯದರ ಮೇಲೆ 0.9 ಎಂದಿದ್ದರೆ ಹೊಸದೂ 0.9 ಬಾರ್ (ಒತ್ತಡದ ಅಳತೆ) ಒತ್ತಡದ್ದೇ ಇರಲಿ. ಕ್ಯಾಪಿನಿಂದ ಡಬ್ಬಿಗೆ ಹೋಗುವ ಸಣ್ಣ ಹೋಸಿನಲ್ಲಿ ಬಿರುಕಿದ್ದರೆ ಹೊರಗೆ ಒಂದು ಹನಿಯೂ ಸೋರದೆ ರಾತ್ರಿ ರಾತ್ರಿ ಗಾಳಿ ಒಳಗೆ ಹೋಗುತ್ತದೆ. ತುದಿಯ ಒಂದಂಗುಲ ಕತ್ತರಿಸಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಹೋಸ್ ಕ್ಲಿಪ್‌ಗಳ ಸುತ್ತ ಒಣಗಿದ ಬಿಳಿ ಅಥವಾ ಬಣ್ಣದ ಪುಡಿ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಇಳಿದ ಕಲೆ, ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆ, ಗಾಜಿನ ಒಳಬದಿಗೆ ಜಿಡ್ಡು ಮಂಜು, ಇವೆಲ್ಲ ಸೋರಿಕೆಯ ಗುರುತುಗಳು. ಗ್ಯಾರೇಜಿನಲ್ಲಿ ಕೈಪಂಪು ಹಾಕಿ ಕ್ಯಾಪಿನ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಟ್ಟರೆ ಎಲ್ಲಿದೆಯೆಂದು ಬಯಲಾಗುತ್ತದೆ. ಕ್ಯಾಪ್ ಮೇಲಿನ ಅಂಕಿಗಿಂತ ಹೆಚ್ಚು ಒತ್ತಬಾರದು.

ಹೀಟಾಗುತ್ತಿದೆ ಎಂದಾಕ್ಷಣ ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಉಳಿದಿದೆ. ದಯವಿಟ್ಟು ಒಪ್ಪಬೇಡಿ. ಹಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ ಥರ್ಮೋಸ್ಟಾಟ್. ಅದಿಲ್ಲದಿದ್ದರೆ ಕೂಲಂಟಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಇಂಜಿನ್ನಿನಲ್ಲೇ ಸುತ್ತುತ್ತದೆ, ಘಾಟಿಯಲ್ಲಿ ಮೊದಲಿಗಿಂತ ಹೆಚ್ಚು ಹೀಟಾಗುತ್ತದೆ. ಊರೊಳಗಿನ ಓಡಾಟದಲ್ಲಿ ಇಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಹೊರಗಿನ ದಾರಿಗಳೆಲ್ಲ ಸರಿಯಿದ್ದೂ ಗುಳ್ಳೆ ನಿಲ್ಲದಿದ್ದರೆ ಅದು ಗಾಳಿಯಲ್ಲ, ಸಿಲಿಂಡರಿನ ಹೊಗೆ. ಎರಡಕ್ಕೂ ಗುಣ ಬೇರೆ. ಸಿಕ್ಕಿಕೊಂಡ ಗಾಳಿ ದೊಡ್ಡ ಗುಳ್ಳೆಗಳಾಗಿ ಬಿಟ್ಟು ಬಿಟ್ಟು ಬಂದು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಣ್ಣ ಗುಳ್ಳೆಗಳು ಸೋಡಾ ಬಾಟಲಿಯಲ್ಲಿ ಏಳುವಂತೆ ಸಾಲಾಗಿ ಏಳುತ್ತವೆ, ರೇಸ್ ಕೊಟ್ಟಷ್ಟೂ ಹೆಚ್ಚುತ್ತವೆ, ಎಷ್ಟು ಹೊತ್ತಾದರೂ ನಿಲ್ಲುವುದಿಲ್ಲ. ಬೆಳಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಗಟ್ಟಿಯಾಗಿ ಉಬ್ಬಿದರೂ ಅದೇ ಅರ್ಥ, ಏಕೆಂದರೆ ಬಿಸಿಯಿಂದ ಒತ್ತಡ ಏರಲು ಅಷ್ಟು ಹೊತ್ತು ಸಾಲದು. ಖಚಿತವಾಗಬೇಕಾದರೆ ನೀಲಿ ದ್ರಾವಣದ ಬ್ಲಾಕ್ ಟೆಸ್ಟ್ ಮಾಡಿಸಿ. ಬಾಯಿಯ ಮೇಲೆ ಕೂರಿಸಿದ ಗಾಜಿನ ನಳಿಕೆಯ ಮೂಲಕ ಒಳಗಿನ ಆವಿ ಎಳೆದಾಗ ನೀಲಿ ಹಳದಿಗೆ (ಡೀಸೆಲ್ ಗಾಡಿಯಲ್ಲಿ ಹಸಿರಿಗೆ) ತಿರುಗಿದರೆ ಕೂಲಂಟಿಗೆ ಹೊಗೆ ಸೇರುತ್ತಿದೆ. ದ್ರಾವಣಕ್ಕೆ ಕೂಲಂಟೇ ಹೀರಿಕೊಂಡು ಬಂದರೆ ಫಲಿತಾಂಶ ಕೆಡುತ್ತದೆ, ಪರೀಕ್ಷೆಗೆ ಮುನ್ನ ಮಟ್ಟ ಎರಡಂಗುಲ ಇಳಿಸಿರಬೇಕು. ಹೀಗೆ ಬಣ್ಣ ಬದಲಾದ ಮೇಲೆ ಗಾಡಿ ಓಡಿಸುವುದು ಬೇಡ, ಸೋರಿಕೆ ಮುಚ್ಚುವ ಬಾಟಲಿಗಳ ಮೇಲೆ ದುಡ್ಡು ಹಾಕುವುದೂ ಬೇಡ. ಅದು ಗ್ಯಾಸ್ಕೆಟ್ ಜೊತೆಗೆ ಹೀಟರ್ ಕೋರನ್ನೂ ಕಟ್ಟಿಸುತ್ತದೆ. ಹೆಡ್ ಬಿಚ್ಚಿದಾಗ ಸ್ಟ್ರೇಟ್ ಎಡ್ಜ್ ಮತ್ತು ಫೀಲರ್ ಗೇಜ್ ಇಟ್ಟು ಸಮತಟ್ಟು ನೋಡಿಸಿ. ಸಾಮಾನ್ಯವಾಗಿ 0.05 ಮಿ.ಮೀ. ಆಸುಪಾಸು ಮೀರಿದರೆ ಸರ್ಫೇಸಿಂಗ್ (ಮೈಯನ್ನು ಸಮತಟ್ಟಾಗಿ ಉಜ್ಜುವುದು) ಬೇಕಾಗುತ್ತದೆ, ನಿಖರ ಅಂಕಿ ಆ ಇಂಜಿನ್ನಿನ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿರುತ್ತದೆ. ಒಮ್ಮೆ ಎಳೆದು ಬಿಗಿಯುವ ಬಗೆಯ ಹೆಡ್ ಬೋಲ್ಟುಗಳಾದರೆ ಗ್ಯಾಸ್ಕೆಟ್ ಜೊತೆಗೆ ಅವನ್ನೂ ಹೊಸದು ಹಾಕಿಸಿ.